ಅಕ್ರೋಟು ಮರದ ಗಡಿಕಲ್ಲು

ನಿನ್ನೆ ಕುಡಿದ ವೈನ್ ಇನ್ನೂ ಇಳಿದಿಲ್ಲವೇ, ಅಥವಾ ಕಲ್ಲೇ ಎದ್ದು ನಡೆಯಿತೇ? ವಾಲ್‌ಬ್ರೂನ್ ಊರಿನ ಕಾವಲುಗಾರನಾಗಿ ಇಪ್ಪತ್ತು ವರ್ಷ ನಾನು ಆ ಗಡಿಕಲ್ಲನ್ನು ಅಕ್ರೋಟು ಮರದ ಮೂಡಣಕ್ಕೆ ಕಂಡಿದ್ದೆ. ಆ ಬೆಳಿಗ್ಗೆ ಅದು ಪಡುವಣಕ್ಕಿತ್ತು. ರೈತ ಗಾಸ್ಪಾರನ ಮರ ಪಕ್ಕದ ಹೊಲದ ವಿಧವೆ ಸಿಡೋನಿಯ ಪಾಲಾಗಿತ್ತು.

ಮಧ್ಯಾಹ್ನದೊಳಗೆ ಮೇಯರ್ ಆಕೆಯನ್ನು ಕಳ್ಳಿ ಎಂದಾಗಿತ್ತು. ಸಂಜೆಯೊಳಗೆ ಒಪ್ಪಿಕೊಳ್ಳದಿದ್ದರೆ ಪೊಲೀಸರನ್ನು ಕರೆಸುವುದಾಗಿ ಗುಡುಗಿದ್ದರು.

ನಾನು ಅನ್ಸೆಲ್ಮ್ ಮೇಷ್ಟ್ರ ಮನೆಗೆ ಓಡಿದೆ. ನಲವತ್ತು ವರ್ಷ ಊರಿಗೆ ಚರಿತ್ರೆ, ಭೂಗೋಳ ಕಲಿಸಿದವರು. ಊರಿನ ಕಳವುಗಳನ್ನು ಪತ್ತೆ ಮಾಡುತ್ತಿದ್ದವರೂ ಅವರೇ. ಅವರನ್ನು ಮರದ ಬಳಿಗೆ ಕರೆದೊಯ್ಯುವ ದಾರಿಯಲ್ಲಿ ಗಾಸ್ಪಾರನ ಹೊಸ ವೈನ್ ಕೊಟ್ಟಿಗೆಯ ಮುಂದೆ ಅವರು ನಿಂತರು. ಊರಿನ ಹಳದಿ ಹೆಂಚಿನ ಸೂರುಗಳ ನಡುವೆ ಅದರದೊಂದೇ ಕೆಂಪಗೆ ಹೊಳೆಯುತ್ತಿತ್ತು.

"ಈ ಹೆಂಚು ಎಲ್ಲಿಂದ ಬಂತು, ಫಿರ್ಮಾಂ?"

"ಹೋದ ತಿಂಗಳು ರೈಲಲ್ಲಿ ತರಿಸಿದ, ಮೇಷ್ಟ್ರೆ," ಎಂದೆ ನಾನು.

ಮರದಡಿ ಊರೇ ನೆರೆದಿತ್ತು.

"ನಿನ್ನ ಮರ ಹೋಯ್ತಲ್ಲೋ, ಗಾಸ್ಪಾರ್!" ಎಂದರು ಮೇಯರ್.

"ಯಾವ ಮರ? ಇದು ಯಾವತ್ತಿದ್ರೂ ಸಿಡೋನಿದೇ," ಎಂದ ಗಾಸ್ಪಾರ್, ತನ್ನ ಬೂಟನ್ನೇ ನೋಡುತ್ತ.

"ನಂದಲ್ಲ ಕಣೋ ಪುಣ್ಯಾತ್ಮ!" ಸಿಡೋನಿ ರೇಗಿದಳು. "ಒಂದು ಕಾಯಿ ಆಯ್ದಿದ್ದಕ್ಕೆ ನಿಮ್ಮಜ್ಜ ನಮ್ಮಜ್ಜೀನ ಊರೆಲ್ಲ ಅಟ್ಟಾಡಿಸಿದ್ದ!"

"ಕಲ್ಲಿನ ಕೆಳಗೆ ಅಗೆದು ನೋಡಿ. ಸಾಕ್ಷಿ ಇರುತ್ತೆ," ಎಂದು ಗಾಸ್ಪಾರ್ ಗೊಣಗಿದ.

ಗಡಿಕಲ್ಲು ನೆಡುವಾಗ ನಮ್ಮ ಹಿರಿಯರು ಹೆಂಚೊಂದನ್ನು ಮುರಿದು ಅಡಿಯಲ್ಲಿ ಹೂಳುತ್ತಿದ್ದರು. ಒಂದಕ್ಕೊಂದು ಕೂಡುವ ತುಂಡುಗಳು ಎಲ್ಲಿ ಸಿಗುತ್ತವೋ ಅದೇ ಗಡಿ. ನಾನು ಅಗೆದೆ. ಎರಡು ತುಂಡು ಸಿಕ್ಕವು, ಸರಿಯಾಗಿ ಕೂಡಿದವು.

"ಹಾಗಾದ್ರೆ ಕಲ್ಲು ಸರಿಯಾಗೇ ಇದೆ!" ಮೇಯರ್ ಹ್ಯಾಟು ತೆಗೆದರು.

"ಹಾಕಿಕೊಳ್ಳಿ ಸಾಹೇಬ್ರೆ, ಬಿಸಿಲಿದೆ," ಎಂದರು ಮೇಷ್ಟ್ರು, ತುಂಡುಗಳನ್ನು ಒರೆಸುತ್ತ. "ಕಲ್ಲಿನ ಮೇಲೆ ೧೭೯೧ ಅಂತ ಕೊರೆದಿದೆ. ಆಗ ಹೆಂಚು ಮಾಡ್ತಿದ್ದದ್ದು ನಮ್ಮ ಹೊಳೆದಂಡೆಯ ಜೇಡಿಮಣ್ಣಿಂದ. ಅದನ್ನ ಸುಟ್ರೆ ಹಳದಿ. ಇವು ಕೆಂಪು. ಫಿರ್ಮಾಂ, ಮರದ ಆಚೆ ಹಳೇ ಜಾಗದಲ್ಲಿ ಅಗೆ."

ಅಲ್ಲಿ ಹಳದಿ ತುಂಡುಗಳಿದ್ದವು. ಎಲ್ಲರ ಕತ್ತೂ ಗಾಸ್ಪಾರನ ಕೊಟ್ಟಿಗೆಯ ಕೆಂಪು ಸೂರಿನತ್ತ ತಿರುಗಿತು.

"ಸಿಡೋನಿಗೆ ಈ ಕಲ್ಲು ಅಲುಗಿಸೋಕೂ ಆಗಲ್ಲ," ಎಂದರು ಮೇಷ್ಟ್ರು. " ಎತ್ತು, ಗಾಡಿ, ಕೆಂಪು ಹೆಂಚು ಮೂರೂ ಇರೋದು ನಿನ್ನ ಹತ್ರ. ನಿನ್ನ ಮರಾನ ನೀನೇ ಕದ್ದೆಯಲ್ಲೋ, ಗಾಸ್ಪಾರ್!"

"ಇದಕ್ಕೆ ಯಾವ ಕಾನೂನಪ್ಪಾ?" ಮೇಯರ್ ತಲೆ ಕೆರೆದುಕೊಂಡರು. ಸಿಡೋನಿಯ ಕ್ಷಮೆಯನ್ನಂತೂ ಕೇಳಿದರು.

ಆಕೆ ಗಾಸ್ಪಾರನತ್ತ ತಿರುಗಿದಳು. "ಯಾಕೋ ಹಿಂಗ್ ಮಾಡ್ದೆ?"

"ನಂಗೆ ಅಕ್ರೋಟು ಸೇರಲ್ಲ."

ಅವನ ಎರಡೂ ಜೇಬು ಅಕ್ರೋಟಿನಿಂದ ಉಬ್ಬಿದ್ದವು. ಸಿಡೋನಿ ಅದನ್ನು ನೋಡಿದಳು, ಆಮೇಲೆ ಅವನ ಮುಖ ನೋಡಿದಳು. ನಾವು ಕಲ್ಲನ್ನು ಹಳೇ ಜಾಗದಲ್ಲೇ ನೆಟ್ಟೆವು.

ಮೂವತ್ತು ವರ್ಷದಿಂದ ಆಕೆಯನ್ನು ಪ್ರೀತಿಸುತ್ತಿದ್ದೇನೆಂದು ಗಾಸ್ಪಾರ್ ಹೇಳಲೇ ಇಲ್ಲ.