ಕುಂಕುಮ ಹಚ್ಚಿದ್ದ ಉಕ್ಕಿನ ಹಗ್ಗ

೧೯೯೪ರ ನವೆಂಬರ್ ೨೨, ಮಂಗಳವಾರ, ಬೆಳಿಗ್ಗೆ ೧೧.೪೦. ವಿಶಾಖಪಟ್ಟಣದ ಪೆಂದುರ್ತಿಯ ಠಾಣೆಗೆ ಸಾಗಣೆ ಕಂಪನಿಯೊಂದರ ಮ್ಯಾನೇಜರ್ ದೂರು ತಂದರು. ರಾಕೆಟ್ ಬೂಸ್ಟರಿನ ಖಾಲಿ ಉಕ್ಕಿನ ಕವಚವನ್ನು ಟ್ರೈಲರಿಗೆ ಏರಿಸುವಾಗ ಕ್ರೇನಿಗೆ ಕಟ್ಟಿದ್ದ ಉಕ್ಕಿನ ಹಗ್ಗದ ಕುಣಿಕೆ ಬಿಚ್ಚಿಕೊಂಡು, ಕವಚ ಉರುಳಿ ಕಾರ್ಮಿಕ ರಾಮಮೋಹನ್ ಸತ್ತಿದ್ದ. ಕ್ರೇನ್ ಚಾಲಕ ಬಾಲಚಂದ್ರ ಜಗ್ಗಿ ಎತ್ತಿದ್ದೇ ಕಾರಣವೆಂದು ದೂರು. ಎಫ್‌ಐಆರ್‌ನಲ್ಲಿ ಅವನ ಹೆಸರೇ ಬಿತ್ತು.

"ಜಗ್ಗಲಿಲ್ಲ ಸರ್. ಮೂರಡಿ ಎತ್ತಿ ನಿಲ್ಲಿಸಿದ್ದೆ" ಎಂದು ಅವನು ಅತ್ತ.

ಅಳುವವರೆಲ್ಲ ನಿರಪರಾಧಿಗಳಲ್ಲ ಎಂಬುದು ಇನ್‌ಸ್ಪೆಕ್ಟರ್ ಸೂರ್ಯಪ್ರಕಾಶರಿಗೆ ಗೊತ್ತಿತ್ತು. ಆದರೂ ಪಂಚನಾಮೆಯ ಹೊತ್ತಿಗೆ ಹಗ್ಗದ ಗ್ರೀಸ್ ಒರೆಸಿ ನೋಡಿದರು. ಕುಣಿಕೆಯ ಎಳೆಗಳ ನಡುವೆ ಕುಂಕುಮ! ಹಗ್ಗಕ್ಕೆ ಕಟ್ಟಿದ್ದ ಹಿತ್ತಾಳೆ ಬಿಲ್ಲೆಯ ಪ್ರಕಾರ ಅದನ್ನು ವಿಜಯವಾಡದಲ್ಲಿ ಕೊಂಡದ್ದು ನವೆಂಬರ್ ಮೂರಕ್ಕೆ. ಆಯುಧಪೂಜೆ ಮುಗಿದದ್ದು ಅಕ್ಟೋಬರಿನಲ್ಲಿ. ಹಬ್ಬ ಕಳೆದ ಮೇಲೆ ಬಂದ ಹಗ್ಗಕ್ಕೆ ಕುಂಕುಮ ಹಚ್ಚಿದವರು ಯಾರು?

ಮರುದಿನ ಕಾನ್‌ಸ್ಟೆಬಲ್ ಜಗನ್ಮೋಹನ್ ಹಗ್ಗ, ಬಿಲ್ಲೆಗಳ ಫೋಟೊ ಹಿಡಿದು ವಿಜಯವಾಡದ ಬೆಂಜ್ ಸರ್ಕಲ್ ಬಳಿಯ ಆ ಹಗ್ಗದಂಗಡಿಗೆ ಹೋದ. ಸಂಜೆ ಫೋನ್ ಬಂತು.

"ಬಿಲ್ಲೆ ಅವರದ್ದೇ ಸಾರ್, ಹಗ್ಗ ಅಲ್ಲ. ಅವರು ಕುಣಿಕೆಗೆ ಮೆಷಿನ್‌ನಲ್ಲಿ ಲೋಹದ ಪಟ್ಟಿ ಒತ್ತುತ್ತಾರಂತೆ. ಇದು ಕೈಯಲ್ಲಿ ಹೆಣೆದದ್ದು."

ಸಾಗಣೆ ಕಂಪನಿಯ ಯಾರ್ಡಿನಲ್ಲಿ ಉಕ್ಕಿನ ಹಗ್ಗ ಹೆಣೆಯಬಲ್ಲವನು ಒಬ್ಬನೇ: ನೌಕಾಪಡೆಯಿಂದ ನಿವೃತ್ತನಾದ ಹಾವೇರಿಯ ಹೊನ್ನಪ್ಪ. ಅವನ ಉಗ್ರಾಣದಲ್ಲಿ ಹೊಸ ಹಗ್ಗ ಸುತ್ತಿದ ಕಾಗದವನ್ನೂ ಬಿಚ್ಚದೆ ಸಿಕ್ಕಿತು; ಬಿಲ್ಲೆ ಮಾತ್ರ ಇರಲಿಲ್ಲ.

ನವೆಂಬರ್ ೨೪, ಸಂಜೆ ೪.೧೫. ಕರ್ನಾಟಕದ ಗಡಿಯ ರಾಯದುರ್ಗದವರಾದ ಸೂರ್ಯಪ್ರಕಾಶ್ ಠಾಣೆಯಲ್ಲಿ ಕನ್ನಡದಲ್ಲೇ ಕೇಳಿದರು.

"ಬಿಲ್ಲೆ ಬದಲಾಯಿಸಿದ್ದು ನೀವೇನಾ ಹೊನ್ನಪ್ಪನವರೇ?"

"ಹೌದ್ರೀ ಸಾಹೇಬ್ರ. ಹಬ್ಬದಾಗ ಕುಂಕುಮ ಹಚ್ಚಿದ್ದ ನನ್ನ ಹಳೇ ಹಗ್ಗಕ್ಕ ಕಟ್ಟಿದೆ."

"ಯಾಕೆ?"

"ಮಷಿನ್ ಒತ್ತಿದ್ದನ್ನ ನಂಬಿ ಮಂದೀನ ಭಾರದ ಕೆಳಗ ಹ್ಯಾಂಗ ನಿಲ್ಲಿಸ್ಲಿ? ಇಪ್ಪತ್ತು ವರ್ಷ ಆತು, ನಾ ಹೆಣೆದದ್ದು ಒಂದೂ ಬಿಚ್ಚಿದ್ದಿಲ್ಲ."

"ಬಾಲಚಂದ್ರನ ಹೆಸರು ಬಂದಾಗ ಸುಮ್ಮನಿದ್ದಿರಲ್ಲ?"

"ನನ್ನ ಹೆಣಿಗಿ ಬಿಚ್ಚಿತು ಅಂತ ಹೇಳಾಕ ಬಾಯಿ ಬರ್ಲಿಲ್ರೀ."

ಸೂರ್ಯಪ್ರಕಾಶ್ ಬಾಲಚಂದ್ರನನ್ನು ಬಿಡಲು ಹೇಳಿ, ಬಂಧನದ ಕಾಗದ ಮುಂದಿಟ್ಟರು. ಸಹಿ ಮಾಡುವ ಮೊದಲು ಆ ಕುಣಿಕೆಯನ್ನೊಮ್ಮೆ ನೋಡಬೇಕೆಂದು ಹೊನ್ನಪ್ಪ ಕೇಳಿಕೊಂಡ. ಎಳೆಗಳ ಮೇಲೆ ಬೆರಳಾಡಿಸುತ್ತ ಮೂರನೆಯ ಸುತ್ತಿನಲ್ಲಿ ನಿಂತ.

"ಇಲ್ಲೇ ಸಡಿಲ ಬಿಟ್ಟೀನಿ. ಬರಕೊಳ್ರೀ."