ಎರಡನೇ ಡಿಸ್ಕ್

2003ರ ಬೇಸಿಗೆ. ಕೊಟ್ಟೂರಿನ ನನ್ನ ಡಿಟಿಪಿ ಅಂಗಡಿಯಲ್ಲಿ, ತೀರಿಕೊಂಡ ತಂದೆಯ ಶಿವಗಣಾರಾಧನೆಯ ಕಾರ್ಡಿಗಾಗಿ ಗುರುಬಸವರಾಜ ಕಾಯುತ್ತಿದ್ದ. ಕಂಪ್ಯೂಟರಿನ ಸಿ ಡ್ರೈವ್ ತುಂಬಿದ್ದರಿಂದ ಕಾರ್ಡಿಗೆ ಹಾಕಬೇಕಿದ್ದ ತಂದೆಯ ಫೋಟೊ ತೆರೆಯುತ್ತಿರಲಿಲ್ಲ.

"ನಾಡಿದ್ದು ಆರಾಧನಿ ಐತ್ರಿ. ಇವತ್ತ ಸಂಜಿಗೇ ಕಾರ್ಡ್ ಹಂಚಬೇಕು."

"ಕಾರ್ಡ್ ಕೊಡದೇ ನಿಮ್ಮನ್ನ ಕಳ್ಸಂಗಿಲ್ಲ, ಕುಂದರ್ರಿ," ಎಂದೆ.

ಕಂಪ್ಯೂಟರಿನ ಡಬ್ಬಿ ಬಿಚ್ಚಿ, ಎಲ್ಲಿಂದಲೋ ಬಂದಿದ್ದ ಹಳೆಯ ಹಾರ್ಡ್ ಡಿಸ್ಕೊಂದನ್ನು ಅವಸರದಲ್ಲಿ ಜೋಡಿಸಿ, ಕೂಡಿಟ್ಟಿದ್ದ ಸಾಫ್ಟ್‌ವೇರ್ ಇನ್‌ಸ್ಟಾಲರ್ ಫೈಲುಗಳನ್ನೆಲ್ಲ ಅದಕ್ಕೆ ಸಾಗಿಸತೊಡಗಿದೆ. ಡಿಸ್ಕ್ ಗರಗರ ತಿರುಗಿತು. ಕೈಯಿಟ್ಟರೆ ಬಿಸಿಯಿರಲಿಲ್ಲ, ನೀರು ತುಂಬಿದ ಮಡಕೆಯಂತೆ ತಣ್ಣಗಿತ್ತು.

"ಯಾರೋ ಉಸುರು ಬಿಟ್ಟಂಗ ಕೇಳ್ತೈತಲ್ರಿ," ಎಂದ ಅವನು.

ನಾನು ನಿಲ್ಲಿಸಲಿಲ್ಲ. ಜಾಗ ಖಾಲಿಯಾಯಿತು, ಫೋಟೊ ತೆರೆಯಿತು, ಕಾರ್ಡು ಅಚ್ಚಾಯಿತು.

ಅವನು ಹೋದ ಮೇಲೆ ಕಂಪ್ಯೂಟರಿನ ಡಬ್ಬಿ ಮುಚ್ಚಲು ಬಗ್ಗಿದೆ. ಆ ಡಿಸ್ಕಿಗೆ ಕರೆಂಟಿನ ವೈರನ್ನು ನಾನು ಜೋಡಿಸಿಯೇ ಇರಲಿಲ್ಲ. ಆ ವೈರು ರಬ್ಬರ್ ಬ್ಯಾಂಡ್ ಸುತ್ತಿಕೊಂಡು ಪಕ್ಕದಲ್ಲೇ ಬಿದ್ದಿತ್ತು.

ಡಿಸ್ಕ್ ಇನ್ನೂ ತಿರುಗುತ್ತಿತ್ತು.