ಹಸುವಿನ ಕಾರ್ಡು

ಕಾರ್ಡಿನ ಮೂಲೆಯಲ್ಲಿ ಅವನ ಸಹಿ ಕಂಡಾಗ ಮೊದಲು ನಗು ಬಂತು. ಜಿರಾಫೆ ಏನೋ ತಮಾಷೆ ಮಾಡಿದ್ದಾನೆ ಅಂದುಕೊಂಡೆ.

ಜಿರಾಫೆ ಅಂದರೆ ನಮ್ಮ ಲ್ಯಾಟಿನ್ ನಿಘಂಟು ಕಚೇರಿಯಲ್ಲಿ ನನ್ನ ಎದುರು ಮೇಜಿನವನು. ಎದ್ದು ನಿಂತರೆ ತಲೆ ಬೀರುವಿಗಿಂತ ಮೇಲೆ. ನನ್ನನ್ನು ‘ಪಂಡಿತೆ’ ಅಂತ ಕರೆಯುತ್ತಿದ್ದ. ಪುಸ್ತಕಗಳ ಸಂದಿಯಿಂದ ಒಂದೇ ಕಣ್ಣಲ್ಲಿ ಇಣುಕುವುದು, ನಾನು ತಲೆ ಎತ್ತಿದೊಡನೆ ಭಾರೀ ಕೆಲಸದಲ್ಲಿರುವವನಂತೆ ನಟಿಸುವುದು ಅವನ ಚಾಳಿ. ಆ ಒಂದು ಕಣ್ಣಿಗೇ ನಾನು ಬಿದ್ದುಹೋಗಿದ್ದೆ.

ನಿಘಂಟಿಗೆ ಒಂದೊಂದು ಪದಕ್ಕೂ ಒಂದೊಂದು ಕಾರ್ಡು ಬರೆಯುತ್ತೇವೆ; ಇದು ‘ಬೋಸ್’ ಎಂಬ ಪದದ್ದು. ಎತ್ತಿಗೂ ಹಸುವಿಗೂ ಅದೊಂದೇ ಪದ. ‘ಹಸುವಿನ’ ಅನ್ನಬೇಕಾದರೆ ‘ಬೊವಿಸ್’, ‘ಹಸುಗಳಿಗೆ’ ಅಂದರೆ ‘ಬೋಬುಸ್’, ಇಲ್ಲವೇ ‘ಬೂಬುಸ್’. ಲ್ಯಾಟಿನ್ನಿನಲ್ಲೇ ಬೆಳೆದಿದ್ದರೆ ಅದು ‘ವ’ಕಾರದಿಂದ ಶುರುವಾಗಬೇಕಿತ್ತು, ‘ಬ’ ಇರುವುದರಿಂದ ನೆರೆಯವರ ನುಡಿಯಿಂದ ಬಂದಿರಬೇಕು ಅನ್ನುತ್ತಾರೆ. ಮೂರು ವಾರ ಇದರ ಬೆನ್ನು ಹತ್ತಿ, ಸಿಕ್ಕಿದ್ದನ್ನೆಲ್ಲ ಕ್ಯಾಂಟೀನಿನಲ್ಲಿ ಅವನಿಗೆ ಹೇಳುತ್ತಿದ್ದೆ.

“ಗಂಡಿಗೂ ಹೆಣ್ಣಿಗೂ ಒಂದೇ ಪದಾನಾ? ಹಾಗಾದ್ರೆ ನಮ್ಮನೆ ಬಾಗಿಲಿಗೂ ಒಂದೇ ಬೋರ್ಡ್ ಸಾಕು ಬಿಡು,” ಅಂದಿದ್ದ. ನಾನು ನಾಚಿ ಲೋಟದೊಳಗೆ ಮುಖ ಇಳಿಸಿದ್ದೆ.

ಈಗ ಅದೇ ಕಾರ್ಡು ಪೂರ್ತಿ ಅವನ ಕೈಬರಹದಲ್ಲಿತ್ತು. ಕೆಳಗೆ ‘ಪರಿಶೀಲಿಸಿದವರು’ ಅನ್ನುವ ಜಾಗ ಖಾಲಿ.

“ಅಲ್ಲೊಂದು ಸಹಿ ಹಾಕಿಬಿಡು ಪಂಡಿತೆ. ನಮ್ಮಿಬ್ರಿಗೂ ಸೇರಿ ಖಾಯಂ ಕೆಲಸ ಇರೋದು ಒಂದೇ. ಮೇಡಂ ಇವತ್ತು ಕಾರ್ಡ್ ನೋಡಿ ಆರಿಸ್ತಾರೆ.”

“ಇದು ನಂದು ಕಣೋ!”

“ನಿನ್ನ ಡ್ರಾಯರಲ್ಲಿದ್ದ ಕರಡು ನೋಡಿ ಬರ್ಕೊಂಡೆ, ನಿಜ. ಮದುವೆ ಆದ್ಮೇಲೆ ನಂದು ನಿಂದು ಅಂತ ಏನಿದೆ?”

ಅವನ ಕಣ್ಣು ನಗುತ್ತಲೇ ಇತ್ತು. ಕದ್ದನಲ್ಲ ಅನ್ನುವ ಸಿಟ್ಟಿಗಿಂತ, ಆಗಲೂ ಅವನ ಮುಖ ಮುದ್ದಾಗಿ ಕಾಣುತ್ತಿತ್ತಲ್ಲ, ಆ ಸಿಟ್ಟೇ ಹೆಚ್ಚು.

ಕಾರ್ಡು ಹಿಡಿದು ಸಂಪಾದಕಿಯ ಕೋಣೆಗೆ ನಡೆದೆ. ಅವನು ಹಿಂದೆಯೇ ಓಡಿಬಂದ.

“ಮೇಡಂ, ಇದಕ್ಕೆ ನಾನು ಸಹಿ ಹಾಕೋ ಹಾಗಿಲ್ಲ. ತಾನು ಬರೆದ ಕಾರ್ಡನ್ನ ತಾನೇ ಪರಿಶೀಲಿಸಬಾರದು ಅಂತ ನೀವೇ ಹೇಳಿದ್ದೀರಲ್ಲ.”

ಸಂಪಾದಕಿ ಕನ್ನಡಕ ತೆಗೆದು ಅವನನ್ನು ನೋಡಿದರು. ಅವನು ತಲೆ ತಗ್ಗಿಸಿ ಬಾಗಿಲಾಚೆ ಜಾರಿದ. ಅವರು ಅವನ ಸಹಿಯನ್ನು ಹೊಡೆದುಹಾಕಿ, ಪೆನ್ನನ್ನು ನನ್ನ ಕೈಗಿಟ್ಟರು.

ಹೊರಗೆ ಮೆಟ್ಟಿಲ ಬಳಿ ಕಾಯುತ್ತಿದ್ದ. “ನಮ್ಮಿಬ್ಬರದ್ದೂ ಮುಗೀತಾ?”

“ಕೇಳಿದ್ದಿದ್ರೆ ಕೊಟ್ಟುಬಿಡ್ತಿದ್ದೆ ಕಣೋ, ಆ ಕೆಲಸಾನೂ. ನೀನು ಕೇಳ್ಲೇ ಇಲ್ಲ.”

ಅವನು ಕೈ ಹಿಡಿದ. ಪ್ರೀತಿಸಿದ್ದು ಸುಳ್ಳಲ್ಲವಲ್ಲ, ಒಂದು ಗಳಿಗೆ ಹಿಡಿದುಕೊಳ್ಳಲು ಬಿಟ್ಟೆ. ಆಮೇಲೆ ಅವನ ಬೆರಳುಗಳನ್ನು ಒಂದೊಂದಾಗಿ ನಾನೇ ಬಿಡಿಸಿದೆ.